ಜಾಮಿಯಾದಲ್ಲಿ ಓದಿ ಬಂದವರು

ಹುಮನಾಬಾದಿನ ಹಳೇ ಓಣಿಗಳಲ್ಲಿ, ಬಸವಕಲ್ಯಾಣದ ಕೋಟೆಗೆ ಹೋಗುವ ಹಾದಿಯಲ್ಲಿ ಒಂದು ಕಾಲಕ್ಕೆ ಒಂದೇ ಬಗೆಯ ಬೋರ್ಡುಗಳು ಕಾಣುತ್ತಿದ್ದವು. ಕರಿ ಬಣ್ಣದ ಕಟ್ಟಿಗೆ ಹಲಗೆ, ಅದರ ಮೇಲೆ ಬಿಳಿ ಅಕ್ಷರ. ಮೊದಲು ಹೆಸರು, ಕೆಳಗೆ ಬಿ.ಎ., ಎಲ್‌ಎಲ್.ಬಿ., ಅದಕ್ಕಂಟಿ ಕಂಸದೊಳಗೆ ‘ಉಸ್ಮಾನಿಯಾ’. ಪದವಿಗಿಂತ ಕಂಸದ ಒಳಗಿನ ಹೆಸರಿಗೇ ಊರಿನಲ್ಲಿ ಹೆಚ್ಚು ಮಾನ. “ಹೈದ್ರಾಬಾದದಾಗ ಓದಿ ಬಂದಾನ” ಅಂದರೆ ಆ ಮನೆಗೆ ಹೆಣ್ಣು ಕೊಡುವವರು ಮತ್ತೇನನ್ನೂ ಕೇಳುತ್ತಿರಲಿಲ್ಲ. ಆ ಬೋರ್ಡುಗಳು ಒಂದೊಂದಾಗಿ ಇಳಿದವು. ಕೆಲವು ಮನೆ ಕೆಡವುವಾಗ ಹೋದವು, ಕೆಲವು ಮಕ್ಕಳ ಹೊಸ ಬೋರ್ಡಿಗೆ ಜಾಗ ಬಿಟ್ಟುಕೊಟ್ಟವು. ಈಗ ನಮ್ಮ ಊರಿನ ಹುಡುಗರನ್ನು ನಿಲ್ಲಿಸಿ ಉಸ್ಮಾನಿಯಾ ಅಂದರೇನು ಎಂದು ಕೇಳಿ. ಚಹಾದ ಜೊತೆ ತಿನ್ನುವ ಬಿಸ್ಕತ್ತು ಅನ್ನುತ್ತಾರೆ. ಸ್ವಲ್ಪ ವಯಸ್ಸಾದವರು ಹೈದರಾಬಾದಿನ ದೊಡ್ಡ ದವಾಖಾನೆ ಅನ್ನುತ್ತಾರೆ. ಅಲ್ಲೊಂದು ವಿಶ್ವವಿದ್ಯಾಲಯ ಇದೆ, ನಮ್ಮ ಸೀಮೆಯ ಎರಡು ತಲೆಮಾರು ಅದರ ಮೆಟ್ಟಿಲು ಹತ್ತಿ ಮನುಷ್ಯರಾಗಿ ಬಂದವು ಎನ್ನುವುದು ಯಾರ ಬಾಯಲ್ಲೂ ಬರುವುದಿಲ್ಲ.

ನಮ್ಮ ಹಿರಿಯರು ಅದನ್ನು ಉಸ್ಮಾನಿಯಾ ಅಂತಲೂ ಕರೆಯುತ್ತಿರಲಿಲ್ಲ. ‘ಜಾಮಿಯಾ’ ಅಂದರೆ ಸಾಕಾಗಿತ್ತು. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನಿನಿಂದ 1918ರಲ್ಲಿ ಅದು ಹುಟ್ಟಿತು. ಮರುವರ್ಷ ತರಗತಿಗಳು ಶುರುವಾದಾಗ ಇದ್ದ ವಿದ್ಯಾರ್ಥಿಗಳು 225 ಮಂದಿ. ಎರಡು ವರ್ಷ ಮೊದಲು, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಶುರುವಾಗಿತ್ತು. ಕನ್ನಡ ಅರಸರ ಆ ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಪಾಠ ಹೇಳಿತು. ನಿಜಾಮರದು ಉರ್ದುವಿನಲ್ಲಿ ಹೇಳಿತು. ವೈದ್ಯಶಾಸ್ತ್ರ, ಎಂಜಿನಿಯರಿಂಗ್, ಕಾನೂನು, ಗಣಿತ, ಎಲ್ಲವೂ ಉರ್ದುವಿನಲ್ಲೇ. ಪುಸ್ತಕಗಳೇ ಇಲ್ಲವಲ್ಲ ಎಂದು ಯಾರಾದರೂ ಕೇಳುವ ಮೊದಲೇ, 1917ರಲ್ಲಿ ಭಾಷಾಂತರಕ್ಕಾಗಿ ‘ದಾರುಲ್ ತರ್ಜುಮಾ’ ಎಂಬ ಇಲಾಖೆಯನ್ನು ತೆರೆದು, ಪಂಡಿತರನ್ನು ಕೂಡಿಸಿ, ಸಾಲುಸಾಲಾಗಿ ಪಠ್ಯಗಳನ್ನು ಬರೆಸಿದರು. ನಾಡಭಾಷೆಯಲ್ಲಿ ಉನ್ನತ ಶಿಕ್ಷಣ ಸಾಧ್ಯವೇ ಎಂದು ನಾವು ಇವತ್ತಿಗೂ ಸಭೆ ಮಾಡುತ್ತೇವೆ. ಅವರು ಮಾಡಿ ತೋರಿಸಿದ್ದರು.

ಒಂದೇ ಕೊರತೆ: ಅದು ನಮ್ಮ ಭಾಷೆಯಾಗಿರಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ ಆಡುವವರೇ ಬಹಳ, ಉರ್ದು ಮನೆಮಾತಿನವರು ಚಿಕ್ಕ ಪಾಲು. ಕಲ್ಯಾಣಿಯ (ಬಸವಕಲ್ಯಾಣಕ್ಕೆ ಆಗ ಅದೇ ಹೆಸರು) ಲಿಂಗಾಯತರ ಹುಡುಗ ಅವ್ವನ ಹತ್ತಿರ ಕನ್ನಡ ಆಡುತ್ತಿದ್ದ, ಪ್ಯಾಟಿಯಲ್ಲಿ ಮರಾಠಿ ಆಡುತ್ತಿದ್ದ, ಮದರಸಾದ ಬಾಗಿಲು ದಾಟಿದೊಡನೆ ಅಲಿಫ್ ಬೇ ಶುರು. ಕನ್ನಡ ಓದು ಮನೆಯಲ್ಲೋ ಮಠದಲ್ಲೋ ಆಗಬೇಕು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಭಾಗದ ಮನೆಮನೆಗೂ ಗೊತ್ತಿರುವ ಕಥೆ. ಆ ದಬ್ಬಾಳಿಕೆಯನ್ನು ಮರೆತು ಜಾಮಿಯಾದ ಗುಣಗಾನ ಮಾಡುವುದು ಸುಳ್ಳಾದೀತು. ಹೆಣ್ಣುಮಕ್ಕಳಲ್ಲಿ ಬೆರಳೆಣಿಕೆಯವರು ಮಾತ್ರ ಅಲ್ಲಿಗೆ ಮುಟ್ಟಿದರು. ಕೂಲಿಕಾರರ, ಹೊಲೆಮಾದಿಗರ ಕೇರಿಗಳಿಗೆ ಆ ದಾರಿ ಇನ್ನೂ ದೂರ. ಹೋದವರಲ್ಲಿ ಹೆಚ್ಚಿನವರು ಗೌಡರ, ಕುಲಕರ್ಣಿಗಳ, ದೇಶಮುಖರ, ಸಾಹುಕಾರರ ಮಕ್ಕಳು.

ಹೋಗುವ ದಾರಿಯೇ ಒಂದು ಪಾಠ. ಹುಮನಾಬಾದಿನಿಂದ ಹೈದರಾಬಾದಿಗೆ 150 ಕಿ.ಮೀ.ಗಿಂತ ತುಸು ಹೆಚ್ಚು. ಕಲ್ಯಾಣಿಯವರು ಸಸ್ತಾಪುರ ಬಂಗ್ಲಾಕ್ಕೆ ಬಂದು ಸೋಲಾಪುರದ ಕಡೆಯಿಂದ ಬರುವ ಗಾಡಿ ಹಿಡಿಯಬೇಕು. ಹುಮನಾಬಾದಿನ ಮೇಲೆ ಹೋಗುವ ಬೀದರ–ಕಲಬುರಗಿ ರೈಲು ಹಳಿ ಮುಗಿದದ್ದೇ 2017ರಲ್ಲಿ. ಹಾಗಾಗಿ ಆ ಕಾಲದವರಿಗೆ ರಸ್ತೆಯೇ ಗತಿ. ನಿಜಾಮರ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳಿಂದ ಸಾರಿಗೆ ಶುರುಮಾಡಿತ್ತು. ಗೌಳಿಗುಡದ ಕಮಾನಿನಂಥ ದೊಡ್ಡ ತಗಡಿನ ಶೆಡ್ಡು ಅದರ ನಿಲ್ದಾಣ. ಝಹೀರಾಬಾದ್, ಸದಾಶಿವಪೇಟೆ, ಸಂಗಾರೆಡ್ಡಿ ದಾಟಿ, ಟ್ರಂಕು, ಹಾಸಿಗೆ ಸುರುಳಿ, ಜೋಳದ ರೊಟ್ಟಿಯ ಗಂಟು ಹೊತ್ತು ಇಳಿದ ಹುಡುಗರ ಮೊದಲ ಹೈದರಾಬಾದು ಆ ಶೆಡ್ಡಿನ ನೆರಳೇ. ಇಮ್ಲಿಬನ್ನಿಗೆ ಹೊಸ ನಿಲ್ದಾಣ ಬಂದ ಮೇಲೆ ಅದು ಮೂಲೆಗೆ ಸೇರಿತು. 2018ರ ಜುಲೈನಲ್ಲಿ ಒಂದು ಮುಂಜಾನೆ ತಾನಾಗಿಯೇ ಕುಸಿದುಬಿತ್ತು. ಪತ್ರಿಕೆಗಳು ಹಳೇ ಕಟ್ಟಡ ಬಿತ್ತೆಂದು ಬರೆದವು. ನಮ್ಮ ಕಡೆಯ ಮುದುಕರು ಮಾತ್ರ ಆ ಸುದ್ದಿ ಓದಿ ಬಹಳ ಹೊತ್ತು ಕೂತರು.

ಹೈದರಾಬಾದು ಪೂರ್ತಿ ಪರಕೀಯವೂ ಆಗಿರಲಿಲ್ಲ. ಅಲ್ಲಿನ ಹೋಟೆಲುಗಳಲ್ಲಿ ‘ಕಲ್ಯಾಣಿ ಬಿರಿಯಾನಿ’ ಎಂಬ ಬೋರ್ಡು ನೋಡಿ ನಮ್ಮ ಊರಿನ ಶಾಕಾಹಾರಿ ಹುಡುಗರು ಕಕ್ಕಾಬಿಕ್ಕಿಯಾಗುತ್ತಿದ್ದರು. ಕಲ್ಯಾಣಿಯ ನವಾಬರು ರಾಜಧಾನಿಯಲ್ಲಿ ಹವೇಲಿ ಕಟ್ಟಿಕೊಂಡಿದ್ದರು, ಅವರ ಅಡಿಗೆಮನೆಯಿಂದ ಬಂದದ್ದೆಂದು ಹೇಳುವ ಬಡವರ ಬಿರಿಯಾನಿ ಅದು. ಬಸವಣ್ಣನವರ ಊರಿನ ಹೆಸರು ಚಾರ್‌ಮಿನಾರಿನ ಸುತ್ತ ಎಮ್ಮೆ ಮಾಂಸದ ಅನ್ನಕ್ಕೆ ಅಂಟಿತ್ತು! ಇದನ್ನು ಊರಿಗೆ ಬಂದು ಹೇಳಲಾರದೆ, ಹೇಳದೆ ಇರಲಾರದೆ ಒದ್ದಾಡಿದವರು ಎಷ್ಟೋ ಮಂದಿ.

ಅಡಿಕ್‌ಮೆಟ್ಟಿನ ಗುಡ್ಡದ ಮೇಲೆ ಆರ್ಟ್ಸ್ ಕಾಲೇಜಿನ ಕಟ್ಟಡ 1939ರ ಡಿಸೆಂಬರಿನಲ್ಲಿ ತೆರೆಯಿತು. ಬೆಲ್ಜಿಯಂನ ಅರ್ನೆಸ್ಟ್ ಜಾಸ್ಪರ್ ಅದರ ವಾಸ್ತುಶಿಲ್ಪಿ. ಗುಲಾಬಿ ಬಣ್ಣದ ಗ್ರಾನೈಟು ಕಲ್ಲು, ಮುಗಿಲಿಗೆ ಬಾಯಿ ತೆರೆದ ಎತ್ತರದ ಕಮಾನು. ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ನೋಡಿ ಬೆಳೆದವರಿಗೆ ಆ ಕಮಾನು ಹೊಸದಲ್ಲ. 1472ರಲ್ಲಿ ಕಟ್ಟಿದ ಆ ಮದರಸಾ ನಮ್ಮ ಜಿಲ್ಲೆಯ ಮೊದಲ ವಿಶ್ವವಿದ್ಯಾಲಯ. ದೂರದ ದೇಶಗಳ ವಿದ್ವಾಂಸರು ಅಲ್ಲಿಗೆ ಬಂದು ಪಾಠ ಹೇಳಿದರು. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಅದರ ಮುಂಭಾಗ ಹಾರಿಹೋಯಿತು, ಒಂದು ಮಿನಾರು ಉಳಿಯಿತು. ಅಲ್ಲಿ ಓದಿದವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಐದುನೂರು ವರ್ಷದ ಹಿಂದಿನ ಮಾತು ಹೋಗಲಿ ಬಿಡಿ. ನೂರು ವರ್ಷದ ಈಚೆಯವರೂ ಅದೇ ದಾರಿ ಹಿಡಿದಿದ್ದಾರೆ, ನನ್ನ ಸಂಕಟ ಅದು.

ನಿಜಾಮರು ತಮ್ಮ ಆಡಳಿತಕ್ಕೆ ನೌಕರರು ಬೇಕೆಂದು ಕಟ್ಟಿದ ಶಾಲೆ ಅವರಿಗೇ ತಿರುಗಿಬಿದ್ದದ್ದು 1938ರ ಕೊನೆಯಲ್ಲಿ. ಹಾಸ್ಟೆಲಿನ ಪ್ರಾರ್ಥನೆಯಲ್ಲಿ ‘ವಂದೇ ಮಾತರಂ’ ಹಾಡಬಾರದೆಂದು ಅಧಿಕಾರಿಗಳು ತಡೆದರು. ವಿದ್ಯಾರ್ಥಿಗಳು ತರಗತಿ ಬಿಟ್ಟರು. ಮುಷ್ಕರ ಹೈದರಾಬಾದಿನಿಂದ ಔರಂಗಾಬಾದಿಗೆ, ಕಲಬುರಗಿಗೆ, ವಾರಂಗಲ್ಲಿಗೆ ಹಬ್ಬಿತು. ನೂರಾರು ಹುಡುಗರ ಹೆಸರು ಹೊಡೆದುಹಾಕಿದರು. ಬ್ರಿಟಿಷ್ ಭಾರತದ ವಿಶ್ವವಿದ್ಯಾಲಯಗಳು ಅವರನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದಾಗ ಬಾಗಿಲು ತೆರೆದದ್ದು ನಾಗಪುರ. ಹಾಗೆ ನಾಗಪುರಕ್ಕೆ ಹೋಗಿ ಓದಿದವರಲ್ಲಿ ಪಿ.ವಿ. ನರಸಿಂಹರಾವ್ ಕೂಡ ಒಬ್ಬರು. ಮುಂದೆ ಅವರು ಪ್ರಧಾನಿಯಾದರು, 2024ರಲ್ಲಿ ಮರಣೋತ್ತರ ಭಾರತರತ್ನ ಬಂತು. ತೆಲುಗಿನಿಂದ ಹಿಂದಿಗೆ, ಮರಾಠಿಯಿಂದ ತೆಲುಗಿಗೆ ಕಾದಂಬರಿಗಳನ್ನು ತಂದ ಅವರ ಬಹುಭಾಷಾ ಪಾಂಡಿತ್ಯವನ್ನು ದಿಲ್ಲಿಯವರು ವಿಸ್ಮಯದಿಂದ ಹೊಗಳುತ್ತಿದ್ದರು. ನಮ್ಮ ಸೀಮೆಯವರಿಗೆ ಅದರಲ್ಲಿ ವಿಸ್ಮಯವೇನಿಲ್ಲ. ಹಳೇ ಹೈದರಾಬಾದ್ ಸಂಸ್ಥಾನದ ಓದಿದವನೆಂದರೆ ಹಾಗೆಯೇ ಇರುತ್ತಿದ್ದ.

ಉಳಿದು ಓದಿ ಹೊರಬಂದವರ ಪಟ್ಟಿಯೂ ಸಣ್ಣದಲ್ಲ. ಹುಮನಾಬಾದಿಗೆ ಹತ್ತಿಕೊಂಡೇ ಇರುವ ಚಿಂಚೋಳಿಯ ವೀರೇಂದ್ರ ಪಾಟೀಲರು ಉಸ್ಮಾನಿಯಾದ ಕಾನೂನು ಪದವೀಧರರು. 1968ರಲ್ಲಿ ಒಮ್ಮೆ, 1989ರಲ್ಲಿ ಇನ್ನೊಮ್ಮೆ ರಾಜ್ಯದ ಮುಖ್ಯಮಂತ್ರಿಯಾದರು. ಜೇವರ್ಗಿ ತಾಲೂಕಿನ ನೆಲೋಗಿಯ ಧರ್ಮಸಿಂಗ್ ಅಲ್ಲಿಯೇ ಎಂ.ಎ., ಎಲ್‌ಎಲ್.ಬಿ. ಮುಗಿಸಿ, 2004ರಲ್ಲಿ ಮುಖ್ಯಮಂತ್ರಿ, ಮುಂದೆ ಬೀದರದ ಸಂಸದ. ಗಡಿಯಾಚೆ ನಾಂದೇಡಿನ ಶಂಕರರಾವ್ ಚವ್ಹಾಣ ಅಲ್ಲಿ ಕಾನೂನು ಓದಿದರು, ಲಾತೂರಿನ ಶಿವರಾಜ ಪಾಟೀಲ ವಿಜ್ಞಾನ ಓದಿದರು. ಇಬ್ಬರೂ ದೇಶದ ಗೃಹಮಂತ್ರಿಗಳಾದರು. ಔರಂಗಾಬಾದಿನಲ್ಲಿ ಹುಟ್ಟಿದ ಬಿ. ಶ್ಯಾಮಸುಂದರ್ ಉಸ್ಮಾನಿಯಾದಲ್ಲಿ ಓದಿದ ದಲಿತ ನಾಯಕ. 1948ರಲ್ಲಿ ವಿಶ್ವಸಂಸ್ಥೆಗೆ ಹೋದ ಹೈದರಾಬಾದಿನ ನಿಯೋಗದಲ್ಲಿದ್ದರು. ಇಪ್ಪತ್ತು ವರ್ಷದ ನಂತರ, 1968ರಲ್ಲಿ, ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದರು. ನಿಜಾಮರ ಪರ ನಿಂತರೆಂದು ಕೆಲವರು ಇವತ್ತಿಗೂ ಅವರ ಹೆಸರು ತೆಗೆಯುವುದಿಲ್ಲ. ಆದರೆ ಈ ಭಾಗದ ದಲಿತ ಕೇರಿಗಳಲ್ಲಿ ಎದೆಸೆಟೆಸಿ ನಡೆಯುವುದನ್ನು ಕಲಿಸಿದವರ ಸಾಲಿನಲ್ಲಿ ಅವರೂ ಇದ್ದಾರೆ. ಇದೇ ವಿಶ್ವವಿದ್ಯಾಲಯ 1953ರಲ್ಲಿ ಡಾ. ಅಂಬೇಡ್ಕರರಿಗೆ ಗೌರವ ಡಾಕ್ಟರೇಟು ಕೊಟ್ಟಿತೆಂಬುದನ್ನೂ ಇಲ್ಲಿ ನೆನೆಯಬೇಕು.

ಈ ಎಲ್ಲರಿಗಿಂತ ನನಗೆ ಹತ್ತಿರದವರು ಸಿದ್ಧಯ್ಯ ಪುರಾಣಿಕರು. ಜಾಮಿಯಾ ಹುಟ್ಟಿದ 1918ರಲ್ಲೇ ಅವರೂ ಹುಟ್ಟಿದರು, ಕೊಪ್ಪಳ ಸೀಮೆಯ ದ್ಯಾಂಪುರದ ಪುರಾಣಿಕರ ಮನೆಯಲ್ಲಿ. ಮನೆಯ ಸಂಪತ್ತು ಪುರಾಣ, ಶಾಲೆಯ ಭಾಷೆ ಉರ್ದು. ಉಸ್ಮಾನಿಯಾದ ಬಿ.ಎ. ಮುಗಿಸಿ ನಿಜಾಮರ ಸರಕಾರದಲ್ಲಿ ನೌಕರಿ ಹಿಡಿದರು, ಕರ್ನಾಟಕದ ಹಿರಿಯ ಅಧಿಕಾರಿಯಾಗಿ ನಿವೃತ್ತರಾದರು. ಉರ್ದುವಿನಲ್ಲಿ ಪರೀಕ್ಷೆ ಬರೆದ ಆ ಕೈ ‘ಶರಣಚರಿತಾಮೃತ’ ಬರೆಯಿತು, ಆಧುನಿಕ ವಚನಗಳ ‘ವಚನೋದ್ಯಾನ’ ಬೆಳೆಸಿತು. ಕಲ್ಯಾಣದ ಶರಣರ ಬದುಕನ್ನು ಒಂದು ಕಡೆ ಕಲೆಹಾಕಿ ಮನೆಮನೆಗೆ ಮುಟ್ಟಿಸಿದವರು ಅವರು. ‘ಮೊದಲು ಮಾನವನಾಗು’ ಎಂಬ ಅವರ ಕವನವನ್ನು ಬಸವಕಲ್ಯಾಣದ ಶಾಲೆಗಳಲ್ಲೂ ಮಕ್ಕಳು ಹೇಳುತ್ತಾರೆ. 1987ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರದಾಯಿತು. ಅದೇ ಉರ್ದು ವಾತಾವರಣದಲ್ಲಿ ಬೆಳೆದ ರಾಯಚೂರು ಸೀಮೆಯ ಶಾಂತರಸರು ಗಜಲನ್ನು ಕನ್ನಡಕ್ಕೆ ಒಗ್ಗಿಸಿ, 2006ರಲ್ಲಿ ಬೀದರದ ಸಮ್ಮೇಳನದ ಅಧ್ಯಕ್ಷರಾದರು. ಹೇರಿದ ಭಾಷೆಯನ್ನು ಇವರು ದ್ವೇಷಿಸಿ ಬಿಸಾಡಲಿಲ್ಲ. ಅದರಲ್ಲಿದ್ದ ಒಳ್ಳೆಯದನ್ನು ಗಂಟು ಕಟ್ಟಿಕೊಂಡು ತಮ್ಮ ಮನೆಗೆ ತಂದರು.

ಇದಕ್ಕೆ ಈ ಮಣ್ಣಿನಲ್ಲಿ ಮೊದಲೇ ಬೇರಿತ್ತು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಹತ್ತೊಂಬತ್ತನೇ ಶತಮಾನದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದುಸ್ತಾನಿ, ಸಂಸ್ಕೃತ ನಾಲ್ಕರಲ್ಲೂ ಪದ ಕಟ್ಟಿದವರು. ಅವರ ದರಬಾರಿಗೆ ಹಿಂದೂ ಮುಸಲ್ಮಾನರಿಬ್ಬರೂ ಬರುತ್ತಿದ್ದರು. ಜಾಮಿಯಾ ಆ ಬೇರಿಗೆ ಡಿಗ್ರಿಯ ನೀರು ಹಾಕಿತು, ಅಷ್ಟೇ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. ರಜಾಕಾರರ ಹಾವಳಿಯ ಗಾಯ, ಅದರ ಹಿಂದೆಯೇ ಮುಸಲ್ಮಾನರ ಮನೆಗಳ ಮೇಲೆ ಬಿದ್ದ ಸೇಡಿನ ಗಾಯ, ಎರಡೂ ಹಸಿಯಾಗಿದ್ದವು. ವಿಶ್ವವಿದ್ಯಾಲಯ ಉರ್ದು ಬಿಟ್ಟು ಇಂಗ್ಲಿಷಿಗೆ ತಿರುಗಿತು. 1956ರಲ್ಲಿ ಬೀದರ ಜಿಲ್ಲೆಯೇ ಮೂರು ಪಾಲಾಯಿತು. ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ, ಝಹೀರಾಬಾದ್ ಆಂಧ್ರಕ್ಕೆ, ಬೀದರ, ಭಾಲ್ಕಿ, ಹುಮನಾಬಾದ್, ಕಲ್ಯಾಣ ಮೈಸೂರಿಗೆ. ಒಂದೇ ಹಾಸ್ಟೆಲಿನಲ್ಲಿ ಉಂಡವರು ಮೂರು ರಾಜ್ಯದವರಾದರು. ಕನ್ನಡಿಗರ ಕನಸು ನನಸಾಯಿತು, ಅದು ಹಬ್ಬವೇ ಸರಿ. ಆದರೆ ನಮ್ಮ ಕಾಲೇಜುಗಳು ಧಾರವಾಡಕ್ಕೆ ಸೇರಿದವು. 1970ರಲ್ಲಿ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ. ಭಾಲ್ಕಿ ತಾಲೂಕಿನ ಹಾಲಹಳ್ಳಿಯ ಕೇಂದ್ರ ಈಗ ಬೀದರ ವಿಶ್ವವಿದ್ಯಾಲಯವಾಗಿದೆ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಾಗ ಇದೊಂದನ್ನು ಕೈಬಿಡಬಾರದೆಂದು ಸರಕಾರದೊಳಗೇ ಹೇಳಿದರು. ಓದು ಮನೆಯ ಹತ್ತಿರ ಬಂತು. ಕೇರಿಯ ಹುಡುಗಿಯೂ ಬಸ್ ಪಾಸಿನ ಮೇಲೆ ಎಂ.ಎ. ಓದುವ ಕಾಲ ಬಂತು. ಇದರಲ್ಲಿ ಅಳುವಂಥದ್ದು ಏನೂ ಇಲ್ಲ.

ಅಳು ಬರುವುದು ನಾವು ಕೊಟ್ಟ ಗೌರವಗಳ ಲೆಕ್ಕ ತೆಗೆದಾಗ. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟರು, ಪಿಂಚಣಿ ಕೊಟ್ಟರು. ಮುಖ್ಯಮಂತ್ರಿಗಳಾದವರ ಹೆಸರನ್ನು ಸರ್ಕಲ್ಲಿಗೆ, ಬಡಾವಣೆಗೆ ಇಟ್ಟರು, ಪುತ್ಥಳಿ ನಿಲ್ಲಿಸಿದರು. ಪುರಾಣಿಕರ ಕಾವ್ಯನಾಮದಲ್ಲಿ ಕಾವ್ಯಾನಂದ ಪುರಸ್ಕಾರ ನಡೆದುಬಂದಿದೆ. ಎಲ್ಲವೂ ಸಲ್ಲಬೇಕಾದದ್ದೇ. ಆದರೆ ಗಮನಿಸಿ ನೋಡಿ: ಜಾಮಿಯಾವನ್ನು ಎದುರಿಸಿದ್ದಕ್ಕೆ ತಾಮ್ರಪತ್ರ ಸಿಕ್ಕಿತು, ಅಲ್ಲಿಂದ ಹೊರಬಂದು ಮಂತ್ರಿಯಾದದ್ದಕ್ಕೆ ಪುತ್ಥಳಿ ಸಿಕ್ಕಿತು. ಅಲ್ಲಿ ಕಲಿತದ್ದಕ್ಕೆ ಏನೂ ಸಿಗಲಿಲ್ಲ. ಮಂತ್ರಿಯೂ ಆಗದ, ಜೈಲಿಗೂ ಹೋಗದ ವಕೀಲರು, ಹೈಸ್ಕೂಲು ಮಾಸ್ತರರು, ತಹಶೀಲಿನ ಗುಮಾಸ್ತರು ಈ ಊರುಗಳನ್ನು ನಡೆಸಿದರಲ್ಲ, ಅವರ ಹೆಸರಿನಲ್ಲಿ ಹುಮನಾಬಾದಿನ ಕಾಲೇಜಿನಲ್ಲಿ ಒಂದು ಪದಕವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಅವರು ಮಾಡುತ್ತಿದ್ದ ಕೆಲಸ ಎಂಥದ್ದೆಂದು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ನಮ್ಮ ಓಣಿಯ ಹಿರಿಯ ವಕೀಲರ ಕಟ್ಟೆಗೆ ಸಂತೆಯ ದಿನ ರೈತರು ಬರುತ್ತಿದ್ದರು. ಧೋತರದ ಗಂಟಿನಿಂದ ನಾಲ್ಕು ಮಡಿಕೆಯ ಹಳದಿ ಕಾಗದ ಬಿಚ್ಚಿ ಮುಂದಿಡುತ್ತಿದ್ದರು.

“ವಕೀಲಸಾಬ್, ಇದರಾಗ ನಮ್ಮ ಮುತ್ಯಾನ ಹೆಸರು ಅದ ಏನ್ರಿ?”

ಅವರು ಕನ್ನಡಕ ಏರಿಸಿ, ಬಲದಿಂದ ಎಡಕ್ಕೆ ಬೆರಳು ಓಡಿಸಿ, ತುಟಿಯಲ್ಲೇ ಓದಿಕೊಂಡು ಹೇಳುತ್ತಿದ್ದರು: “ಅದ ತಮ್ಮಾ. ಹೆಸರು ಅದ. ಆದ್ರ ಚಕ್ಕುಬಂದಿ ನೀ ಹೇಳ್ದಂಗ ಇಲ್ಲ. ಮೂಡಲಕ ಹಳ್ಳ ಅಂತ ಬರ್ದಾರ. ನಿಮ್ಮ ಕಾಕಾಗ ಕರ್ಕೊಂಡು ಬಾ, ಕೂತು ಮಾತಾಡೋಣು. ಕೋರ್ಟಿಗೆ ಹೋಗಬ್ಯಾಡ.”

ಎಷ್ಟೋ ಜಗಳ ಆ ಕಟ್ಟೆಯ ಮೇಲೆಯೇ ಮುಗಿದವು. ಸೇತ್ವಾರ್, ಖಾಸ್ರಾ ಪಹಣಿ, ಫೈಸಲಾ, ಹಳೇ ಖರೀದಿ ಪತ್ರ, ಈ ಭಾಗದ ಹೊಲಮನೆಗಳ ಮೂಲವೆಲ್ಲ ಉರ್ದು ಲಿಪಿಯಲ್ಲಿದೆ. ಅದನ್ನು ಓದಿ, ಕನ್ನಡದಲ್ಲಿ ತಿಳಿಸಿ, ಮರಾಠಿ ಸಾಹುಕಾರನಿಗೆ ಮರಾಠಿಯಲ್ಲಿ ಒಪ್ಪಿಸುವ ಶಕ್ತಿ ಆ ತಲೆಮಾರಿಗಿತ್ತು. ಹಿಂದೂಗಳ ಆಸ್ತಿ ಪಾಲಾಗುವಾಗ ಅದೇ ವಕೀಲರು ‘ಮಿತಾಕ್ಷರಾ’ ತೆಗೆಯುತ್ತಿದ್ದರು. ಒಂಬೈನೂರು ವರ್ಷದ ಹಿಂದೆ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಗ್ರಂಥ ಅದು. ಸಂಸ್ಕೃತದ ಧರ್ಮಶಾಸ್ತ್ರ, ಉರ್ದುವಿನ ದಸ್ತಾವೇಜು, ಕನ್ನಡದ ಸಮಾಧಾನ, ಮೂರೂ ಒಂದೇ ಕಟ್ಟೆಯ ಮೇಲೆ ನಡೆಯುತ್ತಿದ್ದವು.

ಈಗ ಆ ಕಾಗದಗಳನ್ನು ಹಿಡಿದವರು ಓದುವವರನ್ನು ಹುಡುಕಿಕೊಂಡು ಅಲೆಯುತ್ತಾರೆ. ಉರ್ದು ನಮ್ಮ ಊರುಗಳಿಂದ ಹೋಗಿಲ್ಲ. ಮಸೀದಿಯ ಓಣಿಯಲ್ಲಿ, ಉರ್ದು ಶಾಲೆಗಳಲ್ಲಿ, ಮುಶಾಯಿರಾಗಳಲ್ಲಿ ಅದು ಚೆನ್ನಾಗಿಯೇ ಇದೆ. ಹೋದದ್ದು ಲಿಂಗಾಯತ, ಬ್ರಾಹ್ಮಣ, ಮರಾಠ, ದಲಿತ ಮನೆಗಳ ಉರ್ದು. ಹಾಗೆಯೇ ಹಳೇ ವಚನಗಳನ್ನು ಓದಿ ತಲೆದೂಗುತ್ತಿದ್ದ ಮುಸಲ್ಮಾನ ಮಾಸ್ತರರೂ ಕಡಿಮೆಯಾದರು. ಊರು ಒಂದೇ ಇದೆ, ಆದರೆ ಒಬ್ಬರ ಪುಸ್ತಕ ಇನ್ನೊಬ್ಬರ ಮನೆಯ ಕಪಾಟಿನಲ್ಲಿ ಇರುವುದು ನಿಂತುಹೋಗಿದೆ. ಅಜ್ಜನ ಪದವಿ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿರುವ ಮನೆಗಳು ಇನ್ನೂ ಇವೆ. ಅದರಲ್ಲಿ ಯಾವ ವಿಷಯ, ಯಾವ ದರ್ಜೆ ಎಂದು ಮೊಮ್ಮಕ್ಕಳಿಗೆ ಗೊತ್ತಿಲ್ಲ.

2019ರಲ್ಲಿ ‘ಹೈದರಾಬಾದ್ ಕರ್ನಾಟಕ’ ಎನ್ನುತ್ತಿದ್ದ ನಮ್ಮ ಭಾಗಕ್ಕೆ ‘ಕಲ್ಯಾಣ ಕರ್ನಾಟಕ’ ಎಂದು ಹೊಸ ಹೆಸರಿಟ್ಟರು. ಅದಕ್ಕೂ ಮೊದಲು ಸಂವಿಧಾನದ 371(ಜೆ) ವಿಧಿ ಬಂತು, ನಮ್ಮ ಮಕ್ಕಳಿಗೆ ಸೀಟು, ನೌಕರಿ ಮೀಸಲಾದವು. ಬಸವಕಲ್ಯಾಣದಲ್ಲಿ ಕೋಟಿಗಟ್ಟಲೆ ರೂಪಾಯಿಯ ಹೊಸ ಅನುಭವ ಮಂಟಪ ಏಳುತ್ತಿದೆ. ಸಂತೋಷ. ಹೈದರಾಬಾದ್ ಎಂಬ ಹೆಸರನ್ನು ತೆಗೆದುಹಾಕಿದ ಹಾಗೆ ಅಲ್ಲಿ ಓದಿ ಬಂದವರನ್ನೂ ತೆಗೆದುಹಾಕಿದರೆ ಮಾತ್ರ ನಮ್ಮ ಲೆಕ್ಕದಲ್ಲಿ ಅರವತ್ತು ವರ್ಷ ಖಾಲಿ ಬೀಳುತ್ತದೆ. ಅನುಭವ ಮಂಟಪಕ್ಕೆ ಅಫ್ಘಾನಿಸ್ತಾನ, ಕಾಶ್ಮೀರದ ಕಡೆಯಿಂದಲೂ ಶರಣರು ಬಂದರೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ನಮ್ಮದೇ ಓಣಿಯಿಂದ ಹೈದರಾಬಾದಿಗೆ ಹೋಗಿ ಬಂದವರ ಬಗ್ಗೆ ಸಂಕೋಚಪಡುವುದು ಎಂಥ ಮಾತು?

ಪುತ್ಥಳಿ ಬೇಡ, ಸರ್ಕಲ್ಲೂ ಬೇಡ. ಬೀದರ ವಿಶ್ವವಿದ್ಯಾಲಯ ತನ್ನ ಘಟಿಕೋತ್ಸವದಲ್ಲಿ ಒಂದು ಚಿನ್ನದ ಪದಕ ತೆಗೆದಿಡಲಿ. ಕನ್ನಡ, ಉರ್ದು, ಮರಾಠಿ ಮೂರನ್ನೂ ಓದಿ ಬರೆಯಬಲ್ಲ ವಿದ್ಯಾರ್ಥಿಗೆ, ಗಂಡಾಗಲಿ ಹೆಣ್ಣಾಗಲಿ, ಯಾವ ಜಾತಿಯಾಗಲಿ, ಅದು ಸಲ್ಲಲಿ. ಪದಕಕ್ಕೆ ಪುರಾಣಿಕರ ಹೆಸರಿಡಿ, ಶ್ಯಾಮಸುಂದರರ ಹೆಸರಿಡಿ, ಇಬ್ಬರದೂ ಇಟ್ಟರೂ ಸರಿ. ಗೆದ್ದವರಿಗೆ ಹುಮನಾಬಾದಿನ ತಹಶೀಲಿನಲ್ಲೋ ಬಸವಕಲ್ಯಾಣದ ಕೋರ್ಟಿನಲ್ಲೋ ಹಳೇ ದಫ್ತರು ಓದುವ ಒಂದು ವರ್ಷದ ಕೆಲಸ ಕೊಡಿ, ತಕ್ಕ ಪಗಾರ ಕೊಡಿ. ದಫ್ತರಿನ ಗಂಟುಗಳಿಗೆ ಗೆದ್ದಲು ಹತ್ತುವ ಮೊದಲು ಕೊಡಿ. ಜಾಮಿಯಾದವರಿಗೆ ಹೂವಿನ ಹಾರಕ್ಕಿಂತ ಅರ್ಜಿ ಬರೆದುಕೊಡುವುದರಲ್ಲಿ ಆಸ್ಥೆ ಹೆಚ್ಚು. ಅವರ ಹೆಸರಿನ ಗೌರವವೂ ನಾಲ್ಕು ಮಂದಿ ರೈತರ ಹೊಲ ಉಳಿಸುವಂಥದ್ದೇ ಆಗಿರಬೇಕು.